ಯಾಳಿಗೆ ಜೇನು ತಿನ್ನಿಸಿದ ರಾಜಕುಮಾರಿ

ಬಹಳ ಹಿಂದೆ, ಬೆಟ್ಟಗಳೇ ಕೋಟೆಯಾಗಿದ್ದ ತುಂಬೆಪುರವೆಂಬ ರಾಜ್ಯವಿತ್ತು. ಅಲ್ಲಿಯ ಬೆಟ್ಟಗಳಲ್ಲೆಲ್ಲ ಎತ್ತರದ ಕಲ್ಲುಗುಡ್ಡದ ತುದಿಯಲ್ಲಿ ಧೂಮಕೇಶಿಯೆಂಬ ಮಾಂತ್ರಿಕನಿದ್ದ. ಅವನ ಬಳಿ ಒಂದು ಯಾಳಿಯಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಬೆನ್ನ ಮೇಲೆ ಮೋಡದಗಲದ ರೆಕ್ಕೆ. ಉಸಿರು ಬಿಟ್ಟರೆ ಬೆಂಕಿ.

ಮಾಂತ್ರಿಕ ತನ್ನ ಕಂಚಿನ ನಗಾರಿ ಬಾರಿಸಿದನೆಂದರೆ ಯಾಳಿ ಊರ ಮೇಲೆ ಎರಗುತ್ತಿತ್ತು. ಹೊಲ ಸುಡುತ್ತಿತ್ತು, ಮನೆ ಸುಡುತ್ತಿತ್ತು. ಜನ ಮಂಡಿಯೂರಿ, ಕೇಳಿದ್ದನ್ನೆಲ್ಲ ಕೊಟ್ಟ ಮೇಲೆಯೇ ಅದು ಹಿಂತಿರುಗುತ್ತಿತ್ತು. ವರ್ಷಗಳು ಹೀಗೇ ಕಳೆದವು. ಕೊನೆಕೊನೆಗೆ ನಗಾರಿ ಡಂ ಎಂದರೆ ಸಾಕು, ಯಾಳಿ ಕಣ್ಣಿಗೆ ಬೀಳುವ ಮೊದಲೇ ಜನರ ಮಂಡಿ ತಾನಾಗಿ ಬಾಗುತ್ತಿತ್ತು.

ಒಂದು ಸಲ ಮಾಂತ್ರಿಕ, ಬರುವ ಹುಣ್ಣಿಮೆಗೆ ಊರಿನ ಮಕ್ಕಳನ್ನೆಲ್ಲ ತನಗೆ ಒಪ್ಪಿಸಬೇಕೆಂದು ಹೇಳಿಕಳಿಸಿದ. ರಾಜಕುಮಾರ ಕೀರ್ತಿಮಲ್ಲ ಕತ್ತಿ ಹಿಡಿದು ಹೊರಟ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ನಗಾರಿ ಮೊಳಗಿತು. ಕತ್ತಿ ಕೈಜಾರಿತು, ಮಂಡಿ ನೆಲ ಮುಟ್ಟಿತು. ಅವನು ಮರಳಿ ಬಂದು ತಂಗಿ ಮಾಳಲದೇವಿಯ ಮುಂದೆ ತಲೆ ತಗ್ಗಿಸಿ ನಿಂತ.

"ಮನಸ್ಸು ಹೆದರಲಿಲ್ಲ ತಂಗಿ, ಮೈ ಹೆದರಿತು. ಏಳು ಅಂದರೂ ಮಂಡಿ ನನ್ನ ಮಾತು ಕೇಳಲಿಲ್ಲ."

"ಮೈಗೆ ಯಾರೋ ಅದನ್ನು ಕಲಿಸಿದ್ದಾರೆ ಅಣ್ಣ. ಕಲಿಸಿದ್ದನ್ನು ಮರೆಸೋಕೂ ಬರುತ್ತೋ ಏನೋ, ನೋಡಿ ಬರ್ತೀನಿ," ಎಂದಳು ಮಾಳಲದೇವಿ. ಬರಿಗೈಯಲ್ಲೇ ಹೊರಟಳು.

ಮೊದಲು ಎದುರಾದದ್ದು ಹಣ್ಣಿನ ಕಾಡು. ಹಣ್ಣುಗಳೆಲ್ಲ ದೀಪದಂತೆ ಹೊಳೆಯುತ್ತಿದ್ದವು. ತಪ್ಪು ಹಣ್ಣು ತಿಂದವರು ನಿಂತಲ್ಲೇ ಕಲ್ಲಾಗಿದ್ದರು. ಅವಳು ಹಸಿದೇ ಕೂತು ಒಂದು ತಾಯಿ ಮುಸುವ ಕೋತಿಯನ್ನು ನೋಡಿದಳು. ಅದು ಮೂಸಿ ಕೆಲವನ್ನು ಎಸೆಯಿತು, ಕೆಲವನ್ನು ತಿಂದಿತು. ಮರಿ ತಾಯಿಯನ್ನು ನೋಡಿ ಹಾಗೆಯೇ ಮಾಡಿತು. ಮಾಳಲದೇವಿ ಮರಿಯನ್ನು ನೋಡಿ ಹಾಗೆಯೇ ಮಾಡಿದಳು. ಹೊಟ್ಟೆ ತುಂಬಿತು. ಒಂದು ಪೊಟರೆಯಲ್ಲಿ ಸಿಕ್ಕ ಜೇನುಹುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಆಮೇಲೆ ಬೆಂಕಿಯ ಹೊಳೆ. ನಡುವೆ ಕಲ್ಲುಗಳಿದ್ದವು, ಆದರೆ ಕೆಲವು ಕಾಲಿಟ್ಟರೆ ಮುಳುಗುತ್ತಿದ್ದವು. ಕಡವೆಗಳ ಹಿಂಡು ದಾಟುವವರೆಗೆ ಕಾದಳು. ಅವು ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಟ್ಟು ದಾಟಿದಳು.

ಮೂರನೆಯದು ಗುಡ್ಡ. ಹತ್ತುತ್ತಿರುವಾಗ ನಗಾರಿ ಮೊಳಗಿತು. ಅವಳ ಮಂಡಿಯೂ ಬಾಗಿತು. ಏಳಲಾಗಲಿಲ್ಲ. ಹಾಗಾಗಿ ತೆವಳಿಕೊಂಡೇ ತುದಿ ತಲುಪಿ, ಬಂಡೆಯ ಮರೆಯಿಂದ ಇಣುಕಿದಳು.

ಅಲ್ಲಿ ಕಂಡದ್ದನ್ನು ಊರಿನವರು ಯಾರೂ ಕಂಡಿರಲಿಲ್ಲ. ಮಾಂತ್ರಿಕ ಮತ್ತೆ ನಗಾರಿ ಬಾರಿಸಿದ, ಆ ಕೂಡಲೇ ಮಿಂಚಿನ ಚಾಟಿಯಿಂದ ಯಾಳಿಯ ಬೆನ್ನಿಗೆ ಹೊಡೆದ. ಯಾಳಿ ಮಗುವಿನಂತೆ ಚೀರಿ ಊರಿನ ಕಡೆಗೆ ಹಾರಿತು. ಅದು ಬೇಟೆಗೆ ಹೋಗುತ್ತಿರಲಿಲ್ಲ, ಹೆದರಿ ಓಡುತ್ತಿತ್ತು. ಮಾಳಲದೇವಿಯ ಕಣ್ಣು ತುಂಬಿ ಬಂತು.

ಮಾಂತ್ರಿಕ ಹಗಲೆಲ್ಲ ಗುಹೆಯಲ್ಲಿ ಧ್ಯಾನಕ್ಕೆ ಕೂರುತ್ತಿದ್ದ. ಆಗ ಸಿಡಿಲು ಬಡಿದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಮರುದಿನ ಯಾಳಿ ಮರಳಿ ಬಂದಿತ್ತು. ಅವನು ಒಳಗೆ ಹೋದ ಮೇಲೆ ಅವಳು ನಗಾರಿಯನ್ನು ಬೆರಳ ತುದಿಯಿಂದ ತಟ್ಟಿದಳು. ಯಾಳಿ ಮುದುಡಿ ನಡುಗಿತು. ಅವಳು ಹೊಡೆಯಲಿಲ್ಲ, ಒಂದು ಚೂರು ಜೇನುಹುಟ್ಟು ಮುಂದಿಟ್ಟು ದೂರ ಸರಿದಳು. ಅದು ಮೂಸಲೂ ಇಲ್ಲ. ಮಾರನೆಯ ದಿನ ಮತ್ತೆ ತಟ್ಟಿದಳು, ಮತ್ತೆ ಜೇನು ಇಟ್ಟಳು. ಯಾಳಿ ನೆಕ್ಕಿತು. ದಿನ ಕಳೆದಂತೆ ಬೆರಳಿನ ಬದಲು ಅಂಗೈ, ಅಂಗೈ ಬದಲು ಕೋಲು. ಕೊನೆಗೊಂದು ದಿನ ಡಂ ಎನ್ನುತ್ತಲೇ ಯಾಳಿ ಸೊಂಡಿಲು ಚಾಚಿಕೊಂಡು ಅವಳ ಬಳಿಗೆ ಬಂತು. ಬೆಂಕಿ ಉಗುಳುವ ಬಾಯಿ ಅವಳ ಅಂಗೈಯನ್ನು ಕರುವಿನಂತೆ ನೆಕ್ಕಿತು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ತಾನು ನಿಂತೇ ಇದ್ದೇನೆ, ಮಂಡಿ ಬಾಗಲಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಹುಣ್ಣಿಮೆ ಬಂತು. ಮಾಂತ್ರಿಕ ಎರಡೂ ಕೈಯಿಂದ ನಗಾರಿ ಬಾರಿಸಿದ. ಬೆಟ್ಟಗಳೆಲ್ಲ ಮಾರ್ದನಿಗೊಟ್ಟವು. ಕೆಳಗೆ ಊರಿಗೆ ಊರೇ ಮಂಡಿಯೂರಿತು. ಯಾಳಿ ಮಾತ್ರ ಹಾರಲಿಲ್ಲ. ಸೊಂಡಿಲು ಚಾಚಿ ನೇರ ಅವನತ್ತಲೇ ನಡೆಯಿತು. ಅವನು ಚಾಟಿ ಎತ್ತಿದ, ಅದು ನಿಲ್ಲಲಿಲ್ಲ. ಹೆದರಿಸುವುದೊಂದೇ ಗೊತ್ತಿದ್ದವನು ಚಾಟಿ ಬಿಸುಟು ಓಡಿದ. ಜೇನಿನಾಸೆಗೆ ಯಾಳಿ ಬೆನ್ನಟ್ಟಿತು. ಅವನು ಬೆಟ್ಟ ದಾಟಿದ, ಕಾಡು ದಾಟಿದ, ಭೂಮಿಯ ಅಂಚನ್ನೂ ದಾಟಿಹೋದ. ಮಿಂಚಿನ ಚಾಟಿ ಒದ್ದೆ ಬತ್ತಿಯಂತೆ ಚುರುಗುಟ್ಟಿ ಆರಿತು. ಅವನ ಮಾಟ ಕಳಚಿ, ಕಾಡಿನಲ್ಲಿ ಕಲ್ಲಾಗಿದ್ದವರು ಉಸಿರಾಡಿದರು.

ಮಾಳಲದೇವಿ ನಗಾರಿ ತಟ್ಟಿ ಯಾಳಿಯನ್ನು ಕರೆದು, ನಗಾರಿಯನ್ನೂ ಹೊತ್ತು ಅದರ ಮೇಲೇರಿ ಊರಿಗಿಳಿದಳು. ಯಾರೂ ತಲೆ ಎತ್ತಲಿಲ್ಲ. ಹೆದರಬೇಡಿ ಎಂದು ಅವಳು ಯಾರಿಗೂ ಹೇಳಲಿಲ್ಲ. ಪೇಟೆಯ ನಡುವೆ ಕೂತು, ನಗಾರಿ ತಟ್ಟಿ, ಯಾಳಿಗೆ ಜೇನು ತಿನ್ನಿಸಿದಳು. ದಿನಾ ತಿನ್ನಿಸಿದಳು. ಒಂದು ದಿನ ಕೀರ್ತಿಮಲ್ಲ ಬಿಳಿಚಿಕೊಂಡ ಮುಖದಲ್ಲಿ ಬಂದು, ಜೇನು ಹಿಡಿದು ಯಾಳಿಯತ್ತ ಕೈ ಚಾಚಿದ. ಅವನನ್ನು ನೋಡಿ ಗಾಣದ ಕಾಳವ್ವೆ ಬಂದಳು. ಕಾಳವ್ವೆಯನ್ನು ನೋಡಿ ಅವಳ ಕೇರಿಯೇ ಬಂತು. ಬಂದವರ ಬಾಯಿಗೂ ಒಂದೊಂದು ಚೂರು ಜೇನು ಬಿತ್ತು.

ಹಳಬರ ಮಂಡಿಗಳು ಬಹಳ ಕಾಲ ನಡುಗಿದವು. ಯಾರೂ ನಗಲಿಲ್ಲ, ಪಕ್ಕದವರು ಕೈ ಹಿಡಿದು ಎಬ್ಬಿಸುತ್ತಿದ್ದರು. ಆಮೇಲೆ ತುಂಬೆಪುರದಲ್ಲಿ ಹುಟ್ಟಿದ ಮಕ್ಕಳಾದರೋ, ನಗಾರಿ ಡಂ ಎಂದರೆ ಸಾಕು, ಆಕಾಶ ನೋಡಿ ತುಟಿ ನೆಕ್ಕಿಕೊಳ್ಳುತ್ತಿದ್ದವು.