ಬಾಣಂತಿ ಕೋಣೆಯ ಕೆಂಡ

"ಥೂ! ಈ ದರಿದ್ರದ್ದು ಯಾಕಿಂಗೆ ಬಡ್ಕತದೆ? ಕಿತ್ತಾಕ್ಲಾ ಸಾಗರಾ, ಕೂಸು ಬೆಚ್ಚಿಬೀಳ್ತದೆ!"

ಜವರಮ್ಮ ಹೇಳಿದ್ದೇ ತಡ, ಮಗ ಸಾಗರ್ ಕುರ್ಚಿ ಹತ್ತಿ, ಚೀರುತ್ತಿದ್ದ ಅಲಾರಂ ಕಿತ್ತು ಬ್ಯಾಟರಿ ತೆಗೆದುಬಿಟ್ಟ. ಮಂಚದ ಮೇಲೆ ಅವನ ಹೆಂಡತಿ, ಹಸಿ ಬಾಣಂತಿ ನಿಸರ್ಗಾ, ಮಡಿಲಲ್ಲಿ ಹೆಣ್ಣುಕೂಸು. ಮಂಚದ ಕೆಳಗೆ ಬಾಣಲೆ ತುಂಬ ಕೆಂಡ.

ಪರದೇಶದ ಆ ಲಾಸ್ ಗ್ಯಾಟೋಸಿನ ಬೆಟ್ಟಕ್ಕೆ ಆ ವಾರ ಹಿಮವೇ ಬಿದ್ದಿತ್ತು. ಮರ ಉರುಳಿ ಕರೆಂಟು ಹೋಗಿ, ಹೀಟರು ನಿಂತು, ಮನೆ ಕೊರೆಯುತ್ತಿತ್ತು. ಮಂಡ್ಯ ಸೀಮೆಯಲ್ಲಿ ಎಷ್ಟೋ ಬಾಣಂತನ ಮಾಡಿ ಸೈ ಎನಿಸಿಕೊಂಡ ಜವರಮ್ಮನಿಗೆ ಇದೊಂದು ಲೆಕ್ಕವೇ? ಹಿತ್ತಿಲಲ್ಲಿ ಬಾರ್ಬೆಕ್ಯೂ ಇದ್ದಿಲು ಹೊತ್ತಿಸಿ ಒಳಗೆ ತಂದು, ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿದ್ದಳು. ಊರಿನ ಹೆಂಚಿನ ಮನೆಯಲ್ಲಿ ಗಾಳಿಗೆ ನೂರು ದಾರಿ. ಇಲ್ಲಿ ಒಂದೂ ಇರಲಿಲ್ಲ.

"ಅತ್ತೆ, ತಲೆ ಸಿಡೀತಿದೆ... ಕಿಟಕಿ ತೆಗೀರಿ."

"ಗಾಳಿ ಸೋಕಿದ್ರೆ ಸನ್ನಿ ಹಿಡೀತದೆ ಕಣವ್ವ. ನಿಮ್ಮವ್ವ ಇಷ್ಟೂ ಹೇಳ್ಕೊಟ್ಟಿಲ್ವಾ?" ಎನ್ನುತ್ತಾ ಜವರಮ್ಮ ಸಾಂಬ್ರಾಣಿ ತರಲು ಹೋದಳು.

ನಿಸರ್ಗಾ ಗಂಡನತ್ತ ತಿರುಗಿದಳು. "ಅದು ಹೊಗೆ ಅಲಾರಂ ಅಲ್ಲ ಸಾಗರ್, ಕಾರ್ಬನ್ ಮಾನಾಕ್ಸೈಡಿಂದು. ಕೆಂಡದ ವಿಷ! ಗೊತ್ತಲ್ವಾ ನಿಂಗೆ?"

"ಗೊತ್ತು..." ಅವನು ಪಿಸುಗುಟ್ಟಿದ. "ಅಮ್ಮ ನೊಂದ್ಕೋತಾರೆ ಕಣೇ. ಸ್ವಲ್ಪ ಹೊತ್ತು ಅಡ್ಜಸ್ಟ್ ಮಾಡ್ಕೋ."

ಗೊತ್ತು! ಶಿವನೇ, ಗೊತ್ತಂತೆ! ಗೊತ್ತಿಲ್ಲದವರನ್ನು ಕ್ಷಮಿಸಬಹುದು... ಗೊತ್ತಿದ್ದೂ ಹಲ್ಲುಕಿರಿದು ನಿಂತ ಈ ಒಳ್ಳೆಯತನವನ್ನು ಏನೆನ್ನಬೇಕು? ಇದೇ ಕೈಯಲ್ಲವೇ ತನ್ನ ಕೊರಳಿಗೆ ತಾಳಿ ಕಟ್ಟಿದ್ದು? ಹೊಲಸು ಮುಟ್ಟಿದಂತೆ ಅವಳು ಅವನಿಂದ ದೂರ ಸರಿದಳು.

ಕೂಸಿಗೆ ಟೋಪಿ, ಕಾಲುಚೀಲ ಹಾಕಿ ಕಂಬಳಿಯಲ್ಲಿ ಎದೆಗವಚಿಕೊಂಡು, ತೂರಾಡುತ್ತಲೇ ಅಂಗಳಕ್ಕೆ ಬಂದಳು. ಬಯಲಲ್ಲಿದ್ದ ಕಾರಿನೊಳಗೆ ಕೂತು ಹೀಟರು ಹಚ್ಚಿ ತುರ್ತು ಸಹಾಯದ 911ಕ್ಕೆ ಫೋನು ಮಾಡಿದಳು. ಸಾಗರ್ ಹಿಂದೆಯೇ ಓಡಿ ಬಂದ. "ಬಾರೇ ಒಳಗೆ! ನೀನಿಲ್ಲ ಅಂತ ಅಮ್ಮ ಆ ರೂಮಲ್ಲೇ ಅಳ್ತಾ ಕೂತಿದಾರೆ."

"ಆ ರೂಮಲ್ಲಾ? ಅಲ್ಲಿ ಬಿಟ್ಟು ಬಂದ್ಯಾ?"

ಉತ್ತರಕ್ಕೆ ಕಾಯಲಿಲ್ಲ. ಕೂಸನ್ನು ಅವನ ಕೈಗಿತ್ತು ಒಳಗೆ ನುಗ್ಗಿದಳು. ಜವರಮ್ಮ ನೆಲಕ್ಕೊರಗಿದ್ದಳು. ಉಸಿರು ಬಿಗಿಹಿಡಿದು, ಹಸಿ ಹೊಟ್ಟೆಯ ನೋವಿಗೆ ತುಟಿ ಕಚ್ಚಿ, ಅತ್ತೆಯನ್ನು ದರದರನೆ ಜಗಲಿಗೆಳೆದು ತಂದಳು.

ಆಂಬುಲೆನ್ಸಿನಲ್ಲಿ ಆಮ್ಲಜನಕ ಸಿಕ್ಕಮೇಲೆ ಜವರಮ್ಮ ಕಣ್ಣು ಬಿಟ್ಟಳು.

"ಅಮ್ಮ, ಅದು ವಿಷ ಅಂತ ಹೇಳೋಣ ಅಂತಿದ್ದೆ... ನಿಂಗೆ ಬೇಜಾರಾಗುತ್ತೆ ಅಂತ..." ಸಾಗರ್ ಬಿಕ್ಕಿದ.

ಜವರಮ್ಮ ಮೂಗಿನ ಮೇಲಿನ ಮಾಸ್ಕು ಸರಿಸಿದಳು. "ಗೊತ್ತಿತ್ತಾ ನಿಂಗೆ? ನಾ ಅರೀದೋಳು ಕಣ್ಲಾ... ಗೊತ್ತಿದ್ದೂ ಬಾಯ್ಮುಚ್ಕೊಂಡು, ಬಾಣಂತೀನೂ ಕೂಸ್ನೂ ಅಲ್ಲೇ ಮಲಗಿಸ್ದಲ್ಲಾ! ನನ್ ಮ್ಯಾಲಿನ ಪಿರುತಿ ಅನ್ಬ್ಯಾಡ ಇದ್ನ. ಥೂ... ನಿನ್ ಮುಖ ನೋಡೋಕೂ ಅಸಯ್ಯ ಆಯ್ತದೆ!"

ಅವಳು ಸೊಸೆಯ ಕೈ ಹಿಡಿದಳು. "ನನ್ ಮಾತು ಕೇಳ್ದೆ ಓಡ್ದಲ್ಲವ್ವಾ, ಆ ದೇವ್ರೇ ನಿನ್ ಕಾಲಲ್ಲಿದ್ದ. ಇನ್ಮ್ಯಾಕೆ ನೀ ಹೇಳು, ನಾ ಕೇಳ್ತೀನಿ."

ನಿಸರ್ಗಾಳ ಮಡಿಲಿಗೆ ಮರಳಿದ್ದ ಕೂಸು ಅತ್ತಿತು. ಸಾಗರ್ ಎರಡೂ ಕೈ ಚಾಚಿದ. ನಿಸರ್ಗಾ ಅದನ್ನೆತ್ತಿ ಅತ್ತೆಯ ಎದೆಯ ಮೇಲೆ ಮಲಗಿಸಿದಳು.