ಬಂಡ್ರಿ ದಾರಿಯಲ್ಲೊಂದು ಪಂಕ್ಚರ್

ಹಿಂದಿನ ಗಾಲಿಯ ಗಾಳಿ ಇಳಿದದ್ದು ಹೊಳೆಮ್ಮನಿಗೆ ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಯಿತು. ಕಂಪ್ಲಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಪಾಲಪ್ಪನ ಮಗಳು ಅವಳು. ರಿಮ್ಮು ಕಲ್ಲಿಗೆ ಬಡಿಯುವ ಮೊದಲೇ ಇಳಿದು ನಿಂತಳು.

ಅದು ಗಣಿಗಳು ಹಗಲಿರುಳು ನಡೆಯುತ್ತಿದ್ದ ಕಾಲ. ಸಂಡೂರಿನಿಂದ ಬಂಡ್ರಿ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ಅದಿರು ಲಾರಿಗಳು ಮೂತಿಗೆ ಬಾಲ ತಾಗಿಸಿ ನಿಂತಿರುತ್ತಿದ್ದವು. ಬೇವಿನ ಎಲೆ, ಎಮ್ಮೆಯ ಬೆನ್ನು, ಮನುಷ್ಯರ ಹುಬ್ಬು, ಎಲ್ಲಕ್ಕೂ ಒಂದೇ ಕೆಂಪು.

ಆ ಭಾನುವಾರ ಪೋಲಿಯೊ ಹನಿ ಹಾಕುವ ದಿನ. ಆಸ್ಪತ್ರೆಯ ಜೀಪು ಲಾರಿಗಳ ನಡುವೆ ಸಿಕ್ಕಿಬಿದ್ದಿತ್ತು. ಗುಡ್ಡದಾಚೆಯ ಕೂಲಿ ಕ್ಯಾಂಪಿನವರು ಸಂಜೆಗೆ ಗಂಟುಮೂಟೆ ಕಟ್ಟಿ ಬೇರೆ ಗಣಿಗೆ ಹೋಗುತ್ತಾರೆಂಬ ಸುದ್ದಿ ಬಂದಿತ್ತು. ಹೋದರೆ ಆ ಮಕ್ಕಳು ಮತ್ತೆ ಯಾರ ಕೈಗೂ ಸಿಗುವವರಲ್ಲ. "ಸೈಕಲ್ ಆದ್ರ ಸಂದ್ಯಾಗ ನುಸುಳ್ತೈತಿ, ನಾನು ಒಯ್ತೀನಿ" ಎಂದು ಹೊಳೆಮ್ಮ ಔಷಧದ ಐಸ್ ಡಬ್ಬಿಯನ್ನು ಕ್ಯಾರಿಯರ್‌ಗೆ ಬಿಗಿದುಕೊಂಡು ಹೊರಟಿದ್ದಳು. ನರ್ಸ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

"ಏನ್ರಿ ಸಿಸ್ಟರ್, ಗಾಳಿ ಹೋತಾ?"

ತಲೆ ಎತ್ತಿದಳು. ನಿಂತ ಲಾರಿಯೊಂದರ ಬಾಗಿಲಿಗೆ ಮೊಣಕೈ ಊರಿಕೊಂಡು ಒಬ್ಬ ಡ್ರೈವರ್ ನೋಡುತ್ತಿದ್ದ. ಮುಖವೆಲ್ಲ ಧೂಳು. ನಡುವೆ ಎರಡು ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

"ಗಾಳಿ ಹೋಗಿಲ್ರಿ, ಮುಳ್ಳು ಬಂದೈತಿ." ಟೈರಿನಿಂದ ಕಿತ್ತ ಬಳ್ಳಾರಿ ಜಾಲಿಯ ಮುಳ್ಳನ್ನು ತೋರಿಸಿದಳು.

ಅವನು ನಗುತ್ತ ಕೆಳಗಿಳಿದ. "ಸರೀರಿ, ನಾನು ಹಾಕ್ಕೊಡ್ತೀನಿ. ಲಾರಿ ಟೈರ್ ಬಿಚ್ಚೋನಿಗೆ ಸೈಕಲ್ ಏನ್ ಮಹಾ!"

ಅವನು ಅಂಗಿಯ ತೋಳು ಮಡಚುವಷ್ಟರಲ್ಲಿ ಹೊಳೆಮ್ಮ ಸೈಕಲ್ ತಲೆಕೆಳಗು ಮಾಡಿ, ಟೈರಿನ ಅಂಚು ಎಬ್ಬಿಸಿ, ಟ್ಯೂಬನ್ನು ಹೊರಗೆಳೆದಾಗಿತ್ತು. ಮಡಚಿದ ತೋಳನ್ನು ಏನು ಮಾಡುವುದೆಂದು ತಿಳಿಯದೆ ಅವನು ನಿಂತ. ಅವನ ಆ ಪೇಚು ಕಂಡು ಅವಳಿಗೆ ನಗು ಬಂತು. ತಲೆ ತಗ್ಗಿಸಿ ನುಂಗಿದಳು.

"ಸೊಲ್ಯೂಷನ್ ಇದ್ರ ಕೊಡ್ರಿ. ನಂದು ಒಣಗಿ ಹೋಗೈತಿ. ಹಂಗ ಒಂದೀಟು ನೀರು."

ಸೊಲ್ಯೂಷನ್ ತಂದ. ನೀರಿರಲಿಲ್ಲ. "ನಿನ್ನೆಯಿಂದ ಇದೇ ಲೈನ್ಯಾಗ ಅದೀನ್ರಿ. ಉಳಿದಿದ್ದು ರೇಡಿಯೇಟರ್‌ಗೆ ಹೊಯ್ದೆ. ನಿಮ್ಮ ಹೆಸರೇನ್ರಿ?"

"ಹೊಳೆಮ್ಮ."

"ಹೊಳೆಮ್ಮ ಅಂತ ಹೆಸರಿಟ್ಕೊಂಡು ನನ್ನ ಹತ್ರ ನೀರು ಕೇಳ್ತೀರಲ್ರಿ!" ಎಂದ. "ನಾನು ತಿಪ್ಪೇಶ್. ಇಲ್ಲೇ ಬಂಡ್ರಿ. ಆ ಡಬ್ಬ್ಯಾಗ ಐಸ್ ಐತಲ್ಲ, ಒಂದು ಚೂರು ಕರಗಿಸಿದ್ರ..."

"ಅದರ ಮುಚ್ಚಳ ಮುಟ್ಟಿದ್ರ ಕೈ ಮುರೀತೀನಿ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮುಳ್ಳು ಚುಚ್ಚಿದ ಜಾಗದ ಅಂದಾಜಿತ್ತು, ತೂತು ಮಾತ್ರ ಕಾಣುತ್ತಿರಲಿಲ್ಲ. ಸುಯ್ಯೆನ್ನುವುದನ್ನು ಕಿವಿಗೊಟ್ಟು ಕೇಳೋಣವೆಂದರೆ ಹಾರ್ನುಗಳ ಗದ್ದಲ. ಹೊಳೆಮ್ಮ ಟ್ಯೂಬಿಗೆ ಕೈಪಂಪಿನಿಂದ ಗಾಳಿ ತುಂಬಿ, ತುಟಿ ಒದ್ದೆ ಮಾಡಿಕೊಂಡು, ಟ್ಯೂಬನ್ನು ತುಟಿಯ ಹತ್ತಿರ ಮೆಲ್ಲಗೆ ಸರಿಸುತ್ತ ಹೋದಳು. ನೀರಿಲ್ಲದ ಕಡೆ ಅಪ್ಪ ಹಾಗೆಯೇ ಮಾಡುತ್ತಿದ್ದ. ಕಣ್ಣು ಮುಚ್ಚಿದ್ದಳು. ಒಂದು ಕಡೆ ತಣ್ಣನೆಯ ಎಳೆಯೊಂದು ತುಟಿಗೆ ತಾಗಿತು.

"ಸಿಕ್ತು!"

ಕಣ್ಣು ತೆರೆದಾಗ ತಿಪ್ಪೇಶ್ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ತಟ್ಟನೆ ಗುಡ್ಡದ ಕಡೆ ತಿರುಗಿ, "ಗುಡ್ಡ ಭಾಳ ಕರಗೈತಲ್ರಿ" ಎಂದ. ಅದಿರಿಗಾಗಿ ಅಗೆದು ಅಗೆದು ಗುಡ್ಡ ನಿಜಕ್ಕೂ ಕರಗಿತ್ತು. ಅವಳ ಕಿವಿಯ ಅಂಚು ಬೆಚ್ಚಗಾದದ್ದಕ್ಕೆ ಅದು ಕಾರಣವಲ್ಲ.

ಬೆಂಕಿಪೊಟ್ಟಣದ ಬದಿಯಿಂದ ರಬ್ಬರು ಉಜ್ಜಿ, ಸೊಲ್ಯೂಷನ್ ಸವರಿ, ಊದುತ್ತ ಕೂತಳು. ಎದುರಿನಿಂದ ಖಾಲಿ ಲಾರಿಯೊಂದು ಬಿರುಸಾಗಿ ಹಾದುಹೋಯಿತು. ಧೂಳಿನ ಮೋಡ ಇಬ್ಬರನ್ನೂ ನುಂಗಿ ಬಿಟ್ಟಿತು. ಕಣ್ಣೊರೆಸಿಕೊಂಡು ನೋಡಿದರೆ ಸೊಲ್ಯೂಷನ್ ಮೇಲೆ ಕೆಂಪು ಹಿಟ್ಟು ಉದುರಿಸಿದಂತೆ ಕೂತಿತ್ತು. ಆದರೂ ಪ್ಯಾಚ್ ಒತ್ತಿದಳು. ಒಂದು ಪಂಪು ಗಾಳಿಗೆ ಅದು ಹಪ್ಪಳದಂತೆ ಎದ್ದು ಬಂತು.

ಹೊಳೆಮ್ಮ ಡಬ್ಬಿಯ ಕಡೆ ನೋಡಿದಳು. ಬಿಸಿಲು ನೆತ್ತಿಗೇರುತ್ತಿತ್ತು. "ಐಸ್ ಕರಗಿದ್ರ ಔಷಧ ಹಾಳ್ರಿ. ಸಂಜಿಗೆ ಆ ಮಕ್ಳು ಹೋಗಿಬಿಡ್ತಾವ."

ಅವನು ಲಾರಿ ಹತ್ತಿ, ಅದಿರಿಗೆ ಬಿಗಿದಿದ್ದ ತಾಡಪತ್ರಿಯ ಒಂದು ಬದಿಯ ಹಗ್ಗ ಬಿಚ್ಚಿ, ಅದನ್ನು ಕೆಳಗೆ ಇಳಿಬಿಟ್ಟ. "ಬರ್ರಿ ಒಳಗ. ಡಬ್ಬೀನೂ ತರ್ರಿ." ಅಂಚುಗಳನ್ನು ಕಾಲಿನಿಂದ ಒತ್ತಿ, ಎರಡೂ ಕೈ ಎತ್ತಿ ಗೂಡಾರದಂತೆ ಹಿಡಿದು ನಿಂತ.

ಒಳಗೆ ಹೊರಗಿನ ಗದ್ದಲ ದೂರವಾಯಿತು. ತಾಡಪತ್ರಿಯ ಸಣ್ಣ ತೂತುಗಳಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಅವಳ ಕೈಮೇಲೆ, ಅವನ ಭುಜದ ಮೇಲೆ ಬಿದ್ದಿತ್ತು. ಡೀಸೆಲ್ಲಿನ ವಾಸನೆ, ರಬ್ಬರಿನ ವಾಸನೆ, ಬೆವರು. ಇಷ್ಟು ವರ್ಷಗಳ ಮೇಲೂ ಎಲ್ಲಾದರೂ ಪೆಟ್ರೋಲ್ ಬಂಕಿನಲ್ಲಿ ಆ ವಾಸನೆ ಬಂದರೆ ಹೊಳೆಮ್ಮ ಒಂದು ಗಳಿಗೆ ಮಾತು ಮರೆಯುತ್ತಾಳೆ.

ಮತ್ತೆ ಉಜ್ಜಿದಳು, ಸವರಿದಳು, ಒಣಗಲು ಬಿಟ್ಟಳು. ತಿಪ್ಪೇಶ್ ಉಸಿರು ಬಿಗಿಹಿಡಿದಿದ್ದ.

"ಉಸಿರಾಡ್ರಿ, ಸತ್ತೀರಿ."

"ಧೂಳು ಏಳ್ತೈತೇನೋ ಅಂತ..."

ಇಬ್ಬರೂ ನಕ್ಕರು. ಪ್ಯಾಚ್ ಇಟ್ಟು ಎರಡೂ ಹೆಬ್ಬೆರಳುಗಳಿಂದ ಒತ್ತಿ ಹಿಡಿದಳು. ಅದೇ ಹೊತ್ತಿಗೆ ಮುಂದಿನಿಂದ ಇಂಜಿನ್ನುಗಳು ಎಚ್ಚರಗೊಂಡ ಸದ್ದು.

"ಲೇ ತಿಪ್ಪೇಶಾ! ಲೈನ್ ಬಿಟ್ಟೈತಿ, ಗಾಡಿ ತಗಿಯಲೇ!" ಹಿಂದಿನ ಲಾರಿಯ ಹನುಮಣ್ಣ ಕೂಗಿದ.

"ಹೋಗ್ರಿ ನೀವು" ಎಂದಳು ಹೊಳೆಮ್ಮ. "ನಿನ್ನೆಯಿಂದ ಕಾದೀರಿ."

"ಪ್ಯಾಚ್ ಹಿಡೀಲಿ."

"ಲೈನ್ ತಪ್ಪಿದ್ರ ನಾಳೆ ತನಕಾ ಇಲ್ಲೇ ಕೊಳೀತೀರಿ."

"ನೀವು ಒತ್ರಿ ಸುಮ್ನ."

ಹೊರಗೆ ಹನುಮಣ್ಣ ಬೈಯುತ್ತ ಪಕ್ಕದಿಂದ ಲಾರಿ ದಾಟಿಸಿದ. ಅವನ ಹಿಂದೆ ಇನ್ನೊಂದು, ಮತ್ತೊಂದು. ಪ್ರತಿ ಲಾರಿಗೂ ತಾಡಪತ್ರಿ ಹಾಯಿಯಂತೆ ಉಬ್ಬುತ್ತಿತ್ತು. ಅವನ ಎತ್ತಿದ ತೋಳುಗಳು ಸೋತು ನಡುಗುವುದು ಅವಳಿಗೆ ಕಾಣುತ್ತಿತ್ತು. ಅವನು ಇಳಿಸಲಿಲ್ಲ. ಪ್ಯಾಚ್ ಹಿಡಿದದ್ದು ಬೆರಳಿಗೆ ಗೊತ್ತಾದ ಮೇಲೂ ಅವಳು ಇನ್ನೊಂದಿಷ್ಟು ಹೊತ್ತು ಒತ್ತಿಯೇ ಕೂತಿದ್ದಳು.

ಕ್ಯಾಂಪು ಮುಟ್ಟಿದಾಗ ಐಸ್ ಇನ್ನೂ ಗಟ್ಟಿಯಿತ್ತು. ಮೂಟೆಗಳ ಮೇಲೆ ಕೂತಿದ್ದ ಮಕ್ಕಳೆಲ್ಲ ಹಕ್ಕಿಮರಿಗಳಂತೆ ಬಾಯಿ ತೆರೆದರು. ಇಳಿಹೊತ್ತಿಗೆ ಮರಳುವಾಗ ತಿಪ್ಪೇಶನ ಲಾರಿ ಬಿಟ್ಟಲ್ಲೇ ನಿಂತಿತ್ತು.

"ಮುಟ್ಟಿದ್ರೇನ್ರಿ?"

"ಮುಟ್ದೆ. ಎಲ್ಲಾರಿಗೂ ಹಾಕ್ದೆ." ಇನ್ನೇನೋ ಹೇಳಬೇಕಿತ್ತು. ಕ್ಯಾಂಪಿನಲ್ಲಿ ತುಂಬಿಸಿಕೊಂಡು ಬಂದಿದ್ದ ನೀರಿನ ಬಾಟಲಿಯನ್ನು ಅವನ ಕೈಗಿಟ್ಟು ಸೈಕಲ್ ಹತ್ತಿದಳು.

ಮುಂದಿನ ವಾರ ತಿಪ್ಪೇಶ್ ಅವಳ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಬಂದ. ಎಡಗಣ್ಣಿಗೆ ಧೂಳು ಬಿದ್ದಿದೆಯಂತೆ. ತೊಳೆದು ಕಳಿಸಿದಳು. ಅದರ ಮುಂದಿನ ವಾರ ಬಲಗಣ್ಣು.

"ಇರೋವು ಎರಡೇ ಕಣ್ಣು" ಎಂದಳು ಹೊಳೆಮ್ಮ, ಅವನ ರೆಪ್ಪೆ ಬಿಡಿಸಿ ಹಿಡಿದು. "ಇನ್ಮ್ಯಾಲ ಏನ್ ತರ್ತೀರಿ?"

"ಅದನ್ನ ಯೋಚ್ನಿ ಮಾಡಾಕ ಒಂದು ವಾರ ಟೈಮ್ ಐತಲ್ರಿ."

ಆಮೇಲೆ ಕಾರಣ ಹುಡುಕುವುದನ್ನು ಬಿಟ್ಟ. ಹೊಸಪೇಟೆಯಿಂದ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದ. ಅವಳ ಊರಿನ ದಾರಿಯ ಬುಕ್ಕಸಾಗರದ ಹತ್ತಿರ ಹೊಳೆಯಲ್ಲಿ ನೀರು ಎಷ್ಟು ಬಂದಿದೆ ಎಂದು ಅವಳಿಗೆ ವರದಿ ಒಪ್ಪಿಸುತ್ತಿದ್ದ. ಬಾಗಿಲಲ್ಲಿ ನಿಂತೇ ಮಾತು, ನಿಂತೇ ನಗು. ಒಳಗೆ ಕರೆಯಲು ಅವಳಿಗೆ ಸಂಕೋಚ, ಬರಲು ಅವನಿಗೆ ಭಯ. ಹಾಗೆಯೇ ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು.

ಎರಡನೆಯ ಮಳೆಗಾಲ ಮುಗಿಯುತ್ತಲೇ ಅದಿರಿನ ರೇಟು ಬಿದ್ದುಹೋಯಿತು. ಲಾರಿಗಳು ಹೊಲದಂಚುಗಳಲ್ಲಿ ಸುಮ್ಮನೆ ನಿಂತವು. ತಿಪ್ಪೇಶನ ಮಾಲೀಕ ಲಾರಿ ಮಾರಿಬಿಟ್ಟ. ಅಂದಿನಿಂದ ತಿಪ್ಪೇಶ್ ಬಾಗಿಲಿಗೆ ಬರಲಿಲ್ಲ. ಹೊಳೆಮ್ಮ ಕಾದಳು. ರಸ್ತೆಯಲ್ಲಿ ಹಾರ್ನಿಲ್ಲ; ಆ ನಿಶ್ಶಬ್ದದಲ್ಲಿ ಅವನು ಬಾರದಿರುವುದು ಇನ್ನೂ ದೊಡ್ಡದಾಗಿ ಕೇಳುತ್ತಿತ್ತು. ಒಂದು ದಿನ ಹನುಮಣ್ಣ ಜ್ವರದ ಮಾತ್ರೆಗೆ ಬಂದವನು ಹೇಳಿದ, "ತಿಪ್ಪೇಶ ಆಂಧ್ರದ ಬಂದರಿಗೆ ಹೊಂಟಾನ್ರಿ. ಡ್ರೈವರ್ ಕೆಲ್ಸ ಸಿಕ್ಕೈತಿ."

ಮರುದಿನ ಬೆಳಿಗ್ಗೆಯೇ ಅವಳು ಬಂಡ್ರಿಗೆ ಸೈಕಲ್ ತುಳಿದಳು.

ಅಂಗಳದಲ್ಲಿ ತಿಪ್ಪಕ್ಕ, ಅವನ ತಾಯಿ, ಶೇಂಗಾ ಬಿಡಿಸುತ್ತ ಕೂತಿದ್ದಳು. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವನು ಬನಿಯನ್ನಿನಲ್ಲೇ ತಿರುಗಿದ. ಹೊಳೆಮ್ಮನಿಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಧೂಳಿಲ್ಲದ ಅವನ ಮುಖವನ್ನು ಪೂರ್ತಿಯಾಗಿ ಕಂಡದ್ದೇ ಅಂದು. ಗಲ್ಲದ ಮೇಲೆ ಒಂದು ಸಣ್ಣ ಮಚ್ಚೆಯಿತ್ತು.

"ಹೊಂಟೀರಂತ."

"ನಾಳಿಗ್ರಿ."

"ಹೇಳದೇನಾ?"

ಅವನು ನಲ್ಲಿ ತಿರುಗಿಸಿದ. ಅದು ಆಗಲೇ ನಿಂತಿತ್ತು. "ಏನಂತ ಹೇಳ್ಲಿರಿ? ನೀವು ಗವರ್ಮೆಂಟ್ ನೌಕ್ರಿಯವ್ರು. ನನಗ ಇವತ್ತಿಗೆ ಲಾರೀನೂ ಇಲ್ಲ."

"ನಾನು ನಿಮ್ಮನ್ನ ಕೇಳಿದ್ನೋ, ಲಾರೀನ ಕೇಳಿದ್ನೋ?"

ತಿಪ್ಪಕ್ಕನ ಕೈಯಲ್ಲಿ ಶೇಂಗಾ ಬಿಡಿಸುವ ಸದ್ದು ನಿಂತಿತು.

ಹೊಳೆಮ್ಮನಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತಿದ್ದವು. ಉಳಿದದ್ದನ್ನು ಹೇಳಿದಳು. "ನೀವು ಎಲ್ಲಿ ಬೇಕಾದ್ರೂ ದುಡೀರಿ, ನಾನು ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನೋರಾಗಿ ಹೋಗ್ರಿ. ಇವತ್ತು ನಾನು ಕಂಪ್ಲಿಗೆ ಹೊಂಟೀನಿ, ಅಪ್ಪಗ ಹೇಳಾಕ. ಒಬ್ಬಾಕೀನ ಹೋಗ್ಲೋ, ಇಬ್ರೂ ಹೋಗೂಣೋ?"

ತಿಪ್ಪೇಶ್ ಮುಖದ ನೀರನ್ನು ಅಂಗೈಯಿಂದ ಒರೆಸಿಕೊಂಡ. ಆಮೇಲೆ ಅಂದ, "ಅಂಗಿ ಹಾಕ್ಕೊಂಡ್ ಬರ್ತೀನಿ. ನಿಂದ್ರು."

ನಿಂದ್ರು. ಎರಡು ವರ್ಷಗಳಲ್ಲಿ ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಇಬ್ಬರಿಗೂ ಅದು ಒಟ್ಟಿಗೇ ಕೇಳಿಸಿತು.

"ಎಲ್ಲೀ ಅಂಗಿ?" ತಿಪ್ಪಕ್ಕ ತಲೆ ಎತ್ತದೆ ಅಂದಳು. "ಇರೋದೊಂದು ಚಲೋ ಅಂಗಿ, ಈಗರ ಒಗದು ಹಾಕೀನಿ. ಬೀಗರ ಮನಿಗೆ ಹಸೀ ಅಂಗೀಲೆ ಹೋಗ್ತಿಯೇನು? ಒಣಗಲಿ ತಡಿ. ಕುಂದ್ರವ್ವಾ, ಚಾ ಇಡ್ತೀನಿ."

ಹಗ್ಗದ ಮೇಲಿನ ಅಂಗಿಯ ತೋಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ತಿಪ್ಪೇಶ್ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ, ನಡುವೆ ಒಂದು ಮೊಳ ಜಾಗ ಬಿಟ್ಟು ಕೂತ. ಸ್ವಲ್ಪ ಹೊತ್ತಿಗೆ ಆ ಜಾಗವೂ ಉಳಿಯಲಿಲ್ಲ. ಕಂಪ್ಲಿ ಕಡೆಯ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಇಬ್ಬರೂ ಏಳಲಿಲ್ಲ.