ಈಥರ್ ಬಾಟಲಿಯ ಹೊಸ ಚೀಟಿ

ಮಾರ್ಚ್ ಹನ್ನೊಂದು, ಮಧ್ಯಾಹ್ನ ಹನ್ನೆರಡೂ ಹತ್ತು. ಠಾಣೆಗೆ ಬಂದ ಯುವಕನ ಅಂಗಿಯ ತೋಳಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅವನ ಅಕ್ಕ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಈಥರ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಂತೆ ಅದು ಸಿಡಿದು, ಆಕೆಯ ಬಲಗೈಯ ಮೂರು ಬೆರಳು ಹೋಗಿದ್ದವು.

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಇರುವೆ ತುಳಿಯೋಕೂ ಹಿಂದೆಮುಂದೆ ನೋಡೋಳು ಸಾರ್. ಅವಳ ಮೇಲೆ ಯಾರಿಗೆ ದ್ವೇಷ?"

ಎಫ್‌ಐಆರ್ ದಾಖಲಾಯಿತು. ಎರಡು ಗಂಟೆಗೆ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಕಂದು ಗಾಜಿನ ಚೂರುಗಳನ್ನು ಚಿಮುಟದಿಂದ ಹೆಕ್ಕಿದರು. ಒಂದು ಚೂರಿಗೆ ಚೀಟಿ ಅಂಟಿಕೊಂಡಿತ್ತು: 'ತೆರೆದ ದಿನ, ಜನವರಿ ಆರು.'

ವಿಧಿವಿಜ್ಞಾನ ತಜ್ಞೆ ಅದನ್ನು ಬೆಳಕಿಗೆ ಹಿಡಿದರು.

"ಈಥರ್ ಕಿಡಿ ತಾಗಿದ್ರೆ ಹತ್ಕೊಳ್ಳತ್ತೆ ಅನ್ನೋದು ಎಲ್ರಿಗೂ ಗೊತ್ತು. ಆದ್ರೆ ತೆರೆದ ಬಾಟಲಿ ಹಳೇದಾದಷ್ಟೂ ಒಳಗೆ ಗಾಳಿ ಸೇರಿ ಪೆರಾಕ್ಸೈಡ್ ಅನ್ನೋ ಸಿಡಿಯೋ ವಸ್ತು ಹುಟ್ಟತ್ತೆ. ಮುಚ್ಚಳದ ಸುತ್ತ ಹರಳು ಕಟ್ಟತ್ತೆ. ಆಮೇಲೆ ಒಂದು ಸಲ ತಿರುಗಿಸಿದ್ರೆ ಸಾಕು."

"ಎರಡೇ ತಿಂಗಳಲ್ಲಿ?"

"ಇಷ್ಟು ಜೋರಾಗಿ ಸಿಡಿಯೋಕೆ ವರ್ಷಗಳೇ ಬೇಕು. ಚೀಟಿ ಕೆಳಗೆ ಇನ್ನೊಂದು ಚೀಟಿ ಇದೆ, ನೋಡಿ."

ಕೆಳಗಿನದು ಮೂರು ವರ್ಷ ಹಳೆಯದು. ಕಪಾಟಿನಲ್ಲಿ ಅಂಥ ಇನ್ನೆರಡು ಬಾಟಲಿಗಳಿದ್ದವು. ಯಾರೂ ಮುಟ್ಟದಂತೆ ಕೋಣೆಗೆ ಬೀಗ ಹಾಕಿಸಿ, ಇನ್ಸ್‌ಪೆಕ್ಟರ್ ಸ್ಫೋಟಕ ನಿಷ್ಕ್ರಿಯ ದಳವನ್ನು ಕರೆಸಿದರು.

ಚೀಟಿ ಅಂಟಿಸುವುದು ಪ್ರಯೋಗಾಲಯದ ಉಗ್ರಾಣಪಾಲಕನ ಕೆಲಸ. ಇಪ್ಪತ್ತೆಂಟು ವರ್ಷದ ಸೇವೆ. ಸಹೋದ್ಯೋಗಿಗಳ ಊಟದ ಡಬ್ಬಿಗೂ ಹೆಸರಂಟಿಸುತ್ತಾನೆಂದು ಕಾಲೇಜೆಲ್ಲ ಅವನನ್ನು 'ಚೀಟಿಮಾಮ' ಎನ್ನುತ್ತಿತ್ತು. ಈಥರನ್ನು ಮೂರು ತಿಂಗಳಿಗೊಮ್ಮೆ ಕಾಗದದ ಪಟ್ಟಿಯಿಂದ ಪರೀಕ್ಷಿಸಬೇಕು; ಪಟ್ಟಿ ನೀಲಿಯಾದರೆ ಬಳಸಬಾರದು. ದಾಖಲೆ ಪುಸ್ತಕದಲ್ಲಿ ಪ್ರತಿ ಬಾರಿಯೂ 'ಸರಿಯಿದೆ' ಎಂದಿತ್ತು. ಕಳೆದ ಎರಡು ವರ್ಷ ತರಿಸಿದ ಪರೀಕ್ಷಾ ಪಟ್ಟಿಗಳ ಪೊಟ್ಟಣಗಳನ್ನು ಮಾತ್ರ ಯಾರೂ ಒಡೆದಿರಲಿಲ್ಲ.

"ಸಾರ್, ಅಕ್ಷರ ನೋಡಿ," ಎಂದರು ಹೆಡ್ ಕಾನ್‌ಸ್ಟೇಬಲ್. "ಮೊದಮೊದಲು ಸಾಸಿವೆಕಾಳು. ಈಗ ಕಡಲೆಕಾಳು."

ಮಾರ್ಚ್ ಹದಿಮೂರು, ಸಂಜೆ ನಾಲ್ಕು. ಇನ್ಸ್‌ಪೆಕ್ಟರ್ ಹಳೆಯ ಚೀಟಿಯನ್ನು ಚೀಟಿಮಾಮನ ಮುಂದಿಟ್ಟರು.

"ಓದಿ."

ಅವನು ಅದನ್ನು ಮೂಗಿನವರೆಗೆ ತಂದ. ಹೊರಳಿಸಿದ. ಕೆಳಗಿಟ್ಟ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಕಣ್ಣಿನ ನರ ಸೋತಿದೆ, ಔಷಧಿ ನಾಟಲ್ಲ ಅಂದ್ರು ಡಾಕ್ಟ್ರು."

"ಪರೀಕ್ಷೆ?"

"ನೀಲಿ ಬಂತೋ ಇಲ್ವೋ ತಿಳೀತಿರಲಿಲ್ಲ. ಬಿಟ್ಟುಬಿಟ್ಟೆ."

"ಹೊಸ ಚೀಟಿ?"

"ಜನವರೀಲಿ ತಪಾಸಣೆ ಇತ್ತು. ಹಳೇ ತಾರೀಕು ಕಾಣ್ತಿರಲಿಲ್ಲ. ಎಲ್ಲಾದಕ್ಕೂ ಒಂದೇ ತಾರೀಕು ಹಚ್ಚಿದೆ." ಅವನು ಚೀಟಿಯನ್ನು ಬೆರಳಿನಿಂದ ಸವರಿದ. "ಆ ಉಗ್ರಾಣ ಬಿಟ್ರೆ ನಾನ್ಯಾರು ಸಾರ್? ಮೂಲೆ ಹಿಡಿದ ಕುರುಡ."

ನಾಲ್ಕೂ ಇಪ್ಪತ್ತಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಮೆಟ್ಟಿಲು ಕಾಣದೆ ಎಡವಿದವನನ್ನು ಕಾನ್‌ಸ್ಟೇಬಲ್ ರಟ್ಟೆ ಹಿಡಿದು ಹತ್ತಿಸಿದ. ಇಷ್ಟು ವರ್ಷ ಅವನು ಯಾರಿಗೂ ತನ್ನ ಕೈ ಹಿಡಿಯುವ ಅವಕಾಶ ಕೊಟ್ಟಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಅಧ್ಯಾಪಕಿ ಎಲ್ಲವನ್ನೂ ಕೇಳಿಸಿಕೊಂಡರು.

"ಅವರಿಗೆ ಕಾಣ್ತಿಲ್ಲ ಅಂತ ನನಗೆ ಹೋದ ವರ್ಷವೇ ಅನ್ನಿಸಿತ್ತು. ಕೇಳಿದ್ರೆ ನೊಂದ್ಕೋತಾರೆ ಅಂತ ಸುಮ್ಮನಾದೆ. ಇದನ್ನೂ ಬರ್ಕೊಳ್ಳಿ ಸಾರ್."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಆಕೆ ಎಡಗೈಯಲ್ಲಿ ಸಹಿ ಹಾಕಲು ನೋಡಿದರು, ಪೆನ್ನು ನಿಲ್ಲಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿದರು.